ತಮ್ಮ ಹಿಂಬರಹದಂತೆ ಚಕ್ರ ನೇರವಾಗಿದೆ, ಕೈ ಆಗಿಲ್ಲ

ರಸ್ತೆ ಅಗಲೀಕರಣ ಕಾಮಗಾರಿಯ ಹೊಣೆ ಹೊತ್ತಿರುವ ಕಾರ್ಯಪಾಲಕ ಎಂಜಿನಿಯರರಿಗೆ

ಮಾನ್ಯರೇ,

ಕಳೆದ ತಿಂಗಳು ತಮ್ಮ ಕಚೇರಿಯಿಂದ ನನಗೊಂದು ಹಿಂಬರಹ ಬಂತು. "ಸದರಿ ವಾಹನವು ಎಡಕ್ಕೆ ಎಳೆಯುವುದು ವಾಹನದ ಯಾಂತ್ರಿಕ ದೋಷವಾಗಿದ್ದು, ಇದಕ್ಕೂ ಕಾಮಗಾರಿಗೂ ಯಾವುದೇ ಸಂಬಂಧ ಇರುವುದಿಲ್ಲ. ಅರ್ಜಿದಾರರು ತಮ್ಮ ವಾಹನದ ಚಕ್ರಗಳನ್ನು ಸರಿಪಡಿಸಿಕೊಳ್ಳತಕ್ಕದ್ದು" ಎಂದು ಅದರಲ್ಲಿತ್ತು. ಹೇಳಿದ್ದನ್ನು ಕೇಳುವ ಜಾತಿಯ ನಾಗರಿಕಳು ನಾನು. ಸರಿಪಡಿಸಿಕೊಂಡೆ. ಅದಾಗಿ ಎರಡನೇ ದಿನ ಬೆಳಿಗ್ಗೆ, ತಮ್ಮ ರಸ್ತೆಯ ಮೇಲೆ, ನನ್ನ ಕಾರು ಎದುರಿನಿಂದ ಬರುತ್ತಿದ್ದ ಬಸ್ಸಿನ ಮುಂದಕ್ಕೆ ಹೋಯಿತು. ಪಕ್ಕದ ಸೀಟಿನಲ್ಲಿ ಎಂಟು ತಿಂಗಳ ಗರ್ಭಿಣಿ ಕುಳಿತಿದ್ದಳು. ಆದೇಶ ಪಾಲಿಸಿದ ಮೇಲೆ ಅದರ ವರದಿ ಸಲ್ಲಿಸುವುದು ಸರಕಾರಿ ಕ್ರಮವಂತೆ. ಇದು ಆ ವರದಿ. ಕಚೇರಿಗೆ ಕಳಿಸಿದರೆ ಇನ್ನೊಂದು ಹಿಂಬರಹ ಬಂದೀತು ಎಂಬ ಭಯದಿಂದ ಪತ್ರಿಕೆಯ ಮೂಲಕ ಕಳಿಸುತ್ತಿದ್ದೇನೆ. ಭಯ ಎಂಬ ಶಬ್ದ ಮುಂದೆಯೂ ಹಲವು ಸಲ ಬರುತ್ತದೆ. ಮನ್ನಿಸಬೇಕು. ಬೇರೆ ಶಬ್ದ ಹುಡುಕಿದೆ, ಹೊಂದುವಂಥದ್ದು ಸಿಗಲಿಲ್ಲ.

ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಮನೆ ಮಡಂತ್ಯಾರಿನ ಹತ್ತಿರ. ಬೆಳ್ತಂಗಡಿ ತಾಲೂಕಿನಲ್ಲಿ ಹೊರಟು, ಬಂಟ್ವಾಳದ ಒಂದು ಮೂಲೆಯನ್ನು ದಾಟಿ, ಮೂಡುಬಿದಿರೆಗೆ ಹೋಗಿ ಸೇರುವ ಒಳರಸ್ತೆಯಲ್ಲಿ ಹನ್ನೊಂದು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ. ರಸ್ತೆಯ ಹೆಸರು ಬರೆಯುವುದಿಲ್ಲ. ತಮಗೆ ಗೊತ್ತು. ಬರೆದರೆ ಉಳಿದ ರಸ್ತೆಗಳ ಅಧಿಕಾರಿಗಳು 'ಇದು ನಮ್ಮದಲ್ಲ' ಎಂದು ನಿರಾಳರಾಗಿಬಿಡುತ್ತಾರೆ, ಅಷ್ಟು ಸುಲಭದ ನೆಮ್ಮದಿಯನ್ನು ಅವರಿಗೆ ಕೊಡಲು ನನಗೆ ಮನಸ್ಸಿಲ್ಲ. ಆ ರಸ್ತೆಯ ನಡುವೆ ಗುಡ್ಡ ಕಡಿದು ಮಾಡಿದ ಒಂದು ತಿರುವು ಉಂಟು. ತಮ್ಮ ಹೊಸ ಕಾಂಕ್ರೀಟು ಅಲ್ಲಿಗೆ ಬಂದು ನಿಂತಿದೆ. ಮುಂದೆ ಹಳೆಯ ಡಾಮರು, ಅದು ಒಂದು ಗೇಣು ಕೆಳಗೆ. ಮೂಡುಬಿದಿರೆಯ ಕಡೆ ಹೋಗುವಾಗ ಬಲಕ್ಕೆ ಕಡಿದ ಕೆಂಪುಕಲ್ಲಿನ ಗೋಡೆ, ಎಡಕ್ಕೆ ಏನೂ ಇಲ್ಲ. ತಡೆಗೋಡೆ ಇರಬೇಕಾದಲ್ಲಿ ಎರಡು ಕೋಲುಗಳ ನಡುವೆ ಕೆಂಪು ಬಿಳಿ ಪ್ಲಾಸ್ಟಿಕ್ ಪಟ್ಟಿ, ಅದರಾಚೆ ರಬ್ಬರ್ ಮರಗಳ ತುದಿ. ಬುಡವಲ್ಲ, ತುದಿ. ಒಂದೂವರೆ ವರ್ಷದಿಂದ ಹೀಗೇ ಇರುವುದರಿಂದ ಅದಕ್ಕೆ ಹೆಸರೂ ಬಂದಿದೆ. ಬಸ್ಸಿನ ಕಂಡಕ್ಟರು "ಮೆಟ್ಟಿಲು ಯಾರುಂಟು, ಮೆಟ್ಟಿಲು" ಎಂದು ಕೂಗಿ ಜನರನ್ನು ಇಳಿಸುತ್ತಾನೆ. ತಾತ್ಕಾಲಿಕ ಎಂದು ತಾವು ಹೇಳುವ ಒಂದು ಕೊರತೆ ಬಸ್ ಸ್ಟಾಪಿನ ಹೆಸರಾಗುವಷ್ಟು ಕಾಲ ಬಾಳಿದೆ.

ಕಳೆದ ಜುಲೈಯಲ್ಲಿ, ಒಂದು ಸೋಮವಾರ, ಆ ಮೆಟ್ಟಿಲ ಕೆಳಗೆ ನೀರು ತುಂಬಿ ರಸ್ತೆ ಸಮತಟ್ಟಾಗಿರುವಂತೆ ಕಾಣುತ್ತಿತ್ತು. ನಾನು ಕೆಳಗೆ ಬಿದ್ದೆ. ಕಾರು ಬಿತ್ತು ಎನ್ನಬೇಕು, ಆದರೆ ಬಿದ್ದವಳು ನಾನೇ ಎಂದು ಬೆನ್ನು ಇವತ್ತಿಗೂ ಹೇಳುತ್ತದೆ. ಮಡಂತ್ಯಾರಿನ ಮೆಕ್ಯಾನಿಕ್ ಉಮ್ಮರ್ ಕಾರಿನ ಅಡಿಗೆ ನುಗ್ಗಿ ನೋಡಿ, ಎಡಗಡೆಯ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಬಾಗಿದೆ, ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿದೆ, ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಸರಳಿನ ಕೊನೆಯ ಕೀಲು ಸಡಿಲವಾಗಿದೆ ಎಂದು ಹೇಳಿದರು. ಮೂರನ್ನೂ ಬದಲಿಸಿದರು. ಹಳೆಯ ಲೋವರ್ ಆರ್ಮನ್ನು ಹೊಸದರ ಪಕ್ಕ ಇಟ್ಟು ತೋರಿಸಿದರು. ಕೈಬೆರಳಿನಷ್ಟು ಬಾಗು. ಅಷ್ಟು ದಪ್ಪದ ಕಬ್ಬಿಣ ಬಾಗಬೇಕಾದರೆ ಎಷ್ಟು ಜೋರಿನ ಪೆಟ್ಟಿರಬೇಕು ಎಂದು ಯೋಚಿಸುತ್ತಾ ನಿಂತಿದ್ದೆ. ಅದು ಈಗಲೂ ನನ್ನ ಡಿಕ್ಕಿಯಲ್ಲಿ ಉಂಟು. ತಮ್ಮ ಕಡತಕ್ಕೆ ಬೇಕಿದ್ದರೆ ತಂದುಕೊಡುತ್ತೇನೆ.

ಆಗ ಉಮ್ಮರ್ ಹೇಳಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುವುದು ನ್ಯಾಯ. "ಪಾರ್ಟ್ಸ್ ಹಾಕಿದ್ದೇನೆ ಅಕ್ಕ, ಆದ್ರೆ ಕೆಲಸ ಮುಗೀಲಿಲ್ಲ. ಮೆಲ್ಕಾರಿಗೆ ಹೋಗಿ ಅಲೈನ್‌ಮೆಂಟ್ ಮಾಡಿಸ್ಬೇಕು. ಹೊಸ ಸಾಮಾನು ಹಾಕಿದ ಮೇಲೆ ಚಕ್ರ ಎಲ್ಲಿಗೆ ನೋಡ್ತದೆ ಅಂತ ನನ್ನ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಮಿಷನ್ನೇ ಬೇಕು."

"ರಸ್ತೆ ಆಗಲಿ ಉಮ್ಮರ್, ಮತ್ತೆ ಮಾಡಿಸುವ" ಎಂದೆ ನಾನು. "ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯುತ್ತದಂತೆ."

"ಯಾರು ಹೇಳಿದ್ದು?"

"ಕಾಮಗಾರಿಯ ಬೋರ್ಡಿನಲ್ಲಿ ಬರೆದಿದ್ದಾರೆ."

ಅವರು ಕೈಯ ಎಣ್ಣೆಯನ್ನು ಹತ್ತಿಗೆ ಒರೆಸಿಕೊಂಡರು. "ಇಷ್ಟು ಜನ ಆ ದಾರಿಯಲ್ಲಿ ಹೋಗ್ತಾರೆ. ಆ ಬೋರ್ಡ್ ಓದಿದವರು ನೀವೊಬ್ಬರೇ ಅಕ್ಕ."

ಹೌದು ಮಾನ್ಯರೇ, ನಾನು ಓದಿದ್ದೆ. ಬರೆದಿಟ್ಟ ಅಕ್ಷರವನ್ನು ನಂಬುವುದು ನನ್ನ ವೃತ್ತಿ. ಪುಸ್ತಕದ ಹಿಂದೆ ಮರಳಿಸುವ ದಿನಾಂಕದ ಮುದ್ರೆ ಒತ್ತಿ ಕೊಟ್ಟರೆ ಹುಡುಗರು ಆ ದಿನದೊಳಗೆ ತಂದುಕೊಡುತ್ತಾರೆ ಎಂದು ಇಪ್ಪತ್ತೆರಡು ವರ್ಷ ನಂಬಿ ಬದುಕಿದವಳು ನಾನು. ಹೆಚ್ಚಿನವರು ತಂದೂ ಕೊಟ್ಟಿದ್ದಾರೆ. ಆದರೆ ತಪ್ಪೆಲ್ಲ ನನ್ನೊಬ್ಬಳ ಭೋಳೆತನದ್ದು ಎಂದು ತಾವು ತಿಳಿಯಬಾರದು. ಬೋರ್ಡು ಓದದವರೂ ನನ್ನ ಹಾಗೆಯೇ ಮಾಡಿದ್ದಾರೆ. ನಮ್ಮ ಕಡೆ ಈಗ ಇದೊಂದು ರೂಢಿ. ಯಾರ ಕಾರು ಮೆಟ್ಟಿಲಿಗೆ ಬಿದ್ದರೂ ಪಾರ್ಟ್ಸ್ ಬದಲಿಸುತ್ತಾರೆ, ಅಲೈನ್‌ಮೆಂಟ್ ಮಾತ್ರ 'ರಸ್ತೆ ಆದ ಮೇಲೆ'. ಅದರಲ್ಲಿ ಒಂದು ಲೆಕ್ಕಾಚಾರ ಇಲ್ಲದೆ ಇಲ್ಲ. ಮೆಲ್ಕಾರಿಗೆ ಹೋಗಿ ಅರ್ಧ ದಿನ ಕೂತು ಚಕ್ರ ನೇರ ಮಾಡಿಸಿಕೊಂಡು ಬಂದರೆ, ಮರುವಾರ ಅದೇ ಮೆಟ್ಟಿಲು ಅದನ್ನು ಪುನಃ ತಿರುಗಿಸಿಡುತ್ತದೆ. ಹಾಗಾಗಿ ಎಲ್ಲರೂ ಕಾಯುತ್ತಿದ್ದಾರೆ. ಹಾಲಿನ ವ್ಯಾನು ಕಾಯುತ್ತಿದೆ, ಶಾಲೆಯ ಮಕ್ಕಳ ಓಮ್ನಿ ಕಾಯುತ್ತಿದೆ, ತಮ್ಮ ಕಾಮಗಾರಿಗೆ ಜಲ್ಲಿ ತರುವ ಟಿಪ್ಪರುಗಳೂ ಕಾಯುತ್ತಿವೆಯಂತೆ. ಇಡೀ ಮೂಲೆಯ ವಾಹನಗಳು ಒಂದು ದಿನಾಂಕಕ್ಕಾಗಿ ಚಕ್ರ ಓರೆ ಮಾಡಿಕೊಂಡು ಓಡಾಡುತ್ತಿವೆ. ಡಿಸೆಂಬರ್ ಮೂವತ್ತೊಂದು ಬಂದು ಹೋಯಿತು. ಜನವರಿಯ ಮೊದಲ ವಾರ ಬೋರ್ಡಿನಲ್ಲಿ ಅದು ಮಾರ್ಚ್ ಮೂವತ್ತೊಂದಾಯಿತು. ಈಗ ಏಪ್ರಿಲ್. ದಿನಾಂಕದ ಜಾಗಕ್ಕೆ ಬಿಳಿ ಬಣ್ಣ ಬಳಿದು ಏನನ್ನೂ ಬರೆಯದೆ ಬಿಟ್ಟಿದ್ದಾರೆ. ಆ ಬೋರ್ಡು ಹೇಳಿದ ಮೊದಲ ನಿಜ ಅದು.

ಕಾರು ಎಡಕ್ಕೆ ಎಳೆಯುವುದೆಂದರೆ ಏನು ಎಂದು ತಮಗೆ ಹೇಳಬೇಕು, ಏಕೆಂದರೆ ತಮ್ಮ ಕಚೇರಿಯ ಕಾರಿಗೆ ಬೇರೆ ಚಾಲಕರಿರುತ್ತಾರೆ. ಸ್ಟೀರಿಂಗನ್ನು ನೇರವಾಗಿ ಹಿಡಿದರೆ ಕಾರು ನೇರ ಹೋಗುವುದಿಲ್ಲ. ಹಟದ ಮಗು ಕೈ ಜಗ್ಗಿದ ಹಾಗೆ ಎಡಕ್ಕೆ, ಎಡಕ್ಕೆ ಎಂದು ಸಣ್ಣಗೆ ಜಗ್ಗುತ್ತಿರುತ್ತದೆ. ಅದನ್ನು ನೇರ ಇಡಲು ಸ್ಟೀರಿಂಗನ್ನು ಬಲಕ್ಕೆ ಸ್ವಲ್ಪ ತಿರುಗಿಸಿ ಹಿಡಿದುಕೊಂಡೇ ಇರಬೇಕು. ಮಧ್ಯದಲ್ಲಿ ಕಂಪನಿಯ ಗುರುತು ಇರುತ್ತದಲ್ಲ, ಅದು ಹನ್ನೆರಡು ಗಂಟೆಗೆ ನೋಡುವ ಬದಲು ಒಂದು ಗಂಟೆಗೆ ನೋಡುತ್ತಿದ್ದರೆ ನನ್ನ ಕಾರು ನೇರ ಹೋಗುತ್ತಿದೆ ಎಂದು ಅರ್ಥ. ಮೊದಲ ವಾರ ತೋಳು ನೋಯಿತು. ಒಂದು ತಿಂಗಳಲ್ಲಿ ನೋವು ಹೋಯಿತು. ಎರಡು ತಿಂಗಳಲ್ಲಿ ಕಾರು ಎಳೆಯುತ್ತಿದೆ ಎನ್ನುವುದೇ ಮರೆತುಹೋಯಿತು. ಓರೆಯೇ ನೇರ ಎಂದು ಕೈ ಕಲಿತುಬಿಟ್ಟಿತು. ಈಗ ಹಿಂದಿರುಗಿ ನೋಡಿದರೆ ನನಗೆ ಅತ್ಯಂತ ಹೆದರಿಕೆಯಾಗುವುದು ಆ ಮರೆವಿನ ಬಗ್ಗೆ. ನೋವು ಇದ್ದಷ್ಟು ದಿನ ನಾನು ಸುರಕ್ಷಿತಳಾಗಿದ್ದೆ.

ನನ್ನ ಪಕ್ಕದಲ್ಲಿ ಕುಳಿತುಕೊಳ್ಳುವವಳು ಮೋಹಿನಿ, ನಮ್ಮ ಗ್ರಂಥಾಲಯದ ಸಹಾಯಕಿ. ನಮ್ಮ ಮನೆಯಿಂದ ಎರಡು ತಿರುವಿನಾಚೆ ಅವಳ ಗಂಡನ ಮನೆ. ಗಂಡ ಜಿತೇಶ ಬೆಳಗಿನ ಜಾವ ರಬ್ಬರ್ ಟ್ಯಾಪಿಂಗಿಗೆ ಹೋಗುವವನು. ಅವನಲ್ಲಿ ಬೈಕು ಉಂಟು, ಆದರೆ ಆ ರಸ್ತೆಯಲ್ಲಿ ಬಸುರಿಯನ್ನು ಬೈಕಿನಲ್ಲಿ ಕೂರಿಸುವ ಧೈರ್ಯ ಅವನಿಗಿಲ್ಲ. ಹಿಂದಿನ ಸೀಟು ಹೆಚ್ಚು ಕುಲುಕುತ್ತದೆ, ಮುಂದೆ ಕೂತುಕೊಳ್ಳಿ ಎಂದು ಡಾಕ್ಟರು ಹೇಳಿದ್ದರಿಂದ ಅವಳು ಎಡಗಡೆಯ ಮುಂದಿನ ಸೀಟಿನಲ್ಲಿ, ಬಾಗಿಲ ಮೇಲಿನ ಹಿಡಿಕೆಯನ್ನು ಹಿಡಿದು ಕೂರುತ್ತಿದ್ದಳು. ನನಗೆ ಬಾಯಿಪಾಠ ಬರುವ ಪದ್ಯಗಳನ್ನು ದಾರಿಯುದ್ದಕ್ಕೂ ಹೇಳಿಕೊಳ್ಳುವ ಅಭ್ಯಾಸ ಉಂಟು. ಅವಳಿಗೆ ಅದರಲ್ಲಿ ಅರ್ಧ ಅರ್ಥವಾಗುವುದಿಲ್ಲ, ಆದರೆ ಒಂದು ದಿನ ಹೇಳದಿದ್ದರೆ "ಇವತ್ತು ಪದ್ಯ ಇಲ್ವಾ ಅಕ್ಕ, ಜಗಳವಾ ಮನೆಯಲ್ಲಿ" ಎಂದು ಕೇಳುತ್ತಾಳೆ.

ಫೆಬ್ರವರಿ ಕೊನೆಯ ವಾರದ ಒಂದು ಬೆಳಿಗ್ಗೆ, ಮಂಜು. ಗಾಜು ಒಳಗಿನಿಂದ ಮಬ್ಬಾಗಿತ್ತು. ತಿರುವಿನಲ್ಲಿ, ಮೆಟ್ಟಿಲು ಇಳಿಯಲು ನಿಧಾನಿಸಿದವಳು, ಒರೆಸುವ ಬಟ್ಟೆಗಾಗಿ ಒಂದು ಕೈ ತೆಗೆದೆ. ಇನ್ನೊಂದು ಕೈ ಅರೆಕ್ಷಣ ಸಡಿಲಾಯಿತು. ಕಾರು ಇಷ್ಟು ದಿನ ಕಾದು ಕುಳಿತಿದ್ದಂತೆ ಎಡಕ್ಕೆ ಹೋಯಿತು. ಮೊದಲು ಜಲ್ಲಿಯ ಕರಕರ ಸದ್ದು, ಆಮೇಲೆ ಸದ್ದೇ ಇಲ್ಲ. ಬ್ರೇಕ್ ಒತ್ತಿದ್ದೇನೆ, ಕಾರು ನಿಂತಿದೆ, ಪ್ಲಾಸ್ಟಿಕ್ ಪಟ್ಟಿ ಬಾನೆಟ್ಟಿನ ಮೇಲೆ ಬಿದ್ದಿದೆ. ಮೋಹಿನಿಯ ಕಿಟಕಿಯ ಆಚೆ, ಅವಳ ಮುಖದ ಮಟ್ಟಕ್ಕೆ ಸರಿಯಾಗಿ, ರಬ್ಬರ್ ಮರಗಳ ಚಿಗುರು. ಎಡಗಡೆಯ ಮುಂದಿನ ಚಕ್ರ ಅರ್ಧ ಮಣ್ಣಿನ ಮೇಲೆ, ಅರ್ಧ ಗಾಳಿಯಲ್ಲಿ. ಅವಳು ಕಿರುಚಲಿಲ್ಲ. ಮೆಲ್ಲ ಕೇಳಿದಳು, "ಅಕ್ಕ, ನಾನು ಇಳಿಯುವುದಾ, ಬೇಡವಾ?"

ಈ ಪ್ರಶ್ನೆಗೆ ಉತ್ತರ ಏನೆಂದು ಎಂಜಿನಿಯರರಾದ ತಾವು ಹೇಳಬೇಕು. ಅವಳ ಬದಿಯ ಬಾಗಿಲು ತೆರೆದರೆ ಕಾಲಿಡಲು ನೆಲವಿಲ್ಲ. ನಾನು ಮೊದಲು ಇಳಿದರೆ ಬಲಬದಿಯ ಭಾರ ಕಡಿಮೆಯಾಗಿ ಕಾರು ವಾಲಿದರೆ? ಅವಳೇ ಇತ್ತ ಬರುವುದೆಂದರೆ ನಡುವೆ ಗೇರ್, ಏಳು ತಿಂಗಳ ಹೊಟ್ಟೆ. ನಾನು ಅರ್ಧ ದೇಹ ಹೊರಗೆ, ಅರ್ಧ ಒಳಗೆ ಇಟ್ಟುಕೊಂಡು ಅವಳ ಕೈ ಹಿಡಿದೆಳೆದೆ. ಅವಳು ಗೇರಿನ ಮೇಲಿನಿಂದ ಒಂದೊಂದೇ ಕಾಲು ದಾಟಿಸಿ ನನ್ನ ಬದಿಯಿಂದ ಇಳಿದಳು. ರಸ್ತೆಯ ಮೇಲೆ ನಿಂತ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಹಾಲಿನ ವ್ಯಾನಿನವರು ಬಂದು ಹಗ್ಗ ಕಟ್ಟಿ ಕಾರನ್ನು ಹಿಂದಕ್ಕೆ ಎಳೆದರು. ಅಂದಿನಿಂದ ನನಗೆ ಪದ್ಯ ನೆನಪಾಗುತ್ತಿಲ್ಲ. ಮೊದಲ ಸಾಲು ಬರುತ್ತದೆ, ಎರಡನೆಯದರ ಜಾಗದಲ್ಲಿ ಜಲ್ಲಿಯ ಸದ್ದು ಬರುತ್ತದೆ.

ಆ ದಿನವೇ ತಮಗೆ ಅರ್ಜಿ ಬರೆದೆ. ಮೆಟ್ಟಿಲನ್ನು ಇಳಿಜಾರು ಮಾಡಿ, ಅಂಚಿಗೊಂದು ಗೋಡೆ ಕಟ್ಟಿ ಎಂದು. ನಡೆದದ್ದನ್ನು ಇದ್ದ ಹಾಗೆ ಬರೆಯಬೇಕೆಂದು, ಕಾರು ಎಡಕ್ಕೆ ಎಳೆಯುತ್ತಿತ್ತು ಎಂಬ ಒಂದು ವಾಕ್ಯವನ್ನೂ ಸೇರಿಸಿದೆ. ಎರಡು ಪುಟದ ಅರ್ಜಿಯಲ್ಲಿ ತಮ್ಮ ಕಚೇರಿ ಓದಿದ್ದು ಆ ಒಂದು ವಾಕ್ಯವನ್ನು. ಉತ್ತರ ಬರುವವರೆಗಿನ ಮೂರು ವಾರ ನಾವು ವೇಣೂರಿನ ಮೇಲೆ ಸುತ್ತಿ ಹೋದೆವು. ನಮ್ಮದು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಮನೆ. ಸುತ್ತುದಾರಿಯಲ್ಲಿ ಹೊತ್ತಿಗೆ ಮನೆ ಸೇರಲಾಗದೆ ದಿನಾ ಸಂಜೆ ರಸ್ತೆ ಬದಿ ಕಾರು ನಿಲ್ಲಿಸಿ ಡಬ್ಬಿ ಬಿಚ್ಚುತ್ತಿದ್ದೆ. ಮೋಹಿನಿ ನನ್ನ ಚಪಾತಿಯಲ್ಲಿ ಅರ್ಧ ತಿಂದು, ಮಗು ಹುಟ್ಟುವಾಗಲೇ ಜೈನ ಆಗಿರ್ತದೆ ಎಂದು ನಗಿಸಲು ನೋಡುತ್ತಿದ್ದಳು. ಆಮೇಲೆ ತಮ್ಮ ಹಿಂಬರಹ ಬಂತು. ಓದಿ ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಹೌದಲ್ಲ, ಉಮ್ಮರ್ ಆಗಲೇ ಹೇಳಿದ್ದರಲ್ಲ, ದೋಷ ನನ್ನದೇ ಅಲ್ಲವೇ ಎನಿಸಿತು. ಆ ಶನಿವಾರವೇ ಮೆಲ್ಕಾರಿಗೆ ಹೋದೆ.

ಅಲ್ಲಿ ಅಲೈನ್‌ಮೆಂಟ್ ಯಂತ್ರ ನೋಡಿಕೊಳ್ಳುವವಳು ಜಸ್ನಾ ಎಂಬ ಚುರುಕಿನ ಹೆಂಗಸು. ನಾಲ್ಕೂ ಚಕ್ರಗಳಿಗೆ ತಟ್ಟೆಯಂಥ ಸಾಧನ ಸಿಕ್ಕಿಸಿ, ಪರದೆಯ ಮೇಲೆ ಅಂಕೆಗಳನ್ನು ನೋಡಿ, ನನ್ನನ್ನು ಕರೆದು ತೋರಿಸಿದಳು. ಎಲ್ಲ ಕೆಂಪು. "ಎರಡು ಪಾದ ಒಳಗೆ ತಿರುಗಿಸಿ ನಡೆದು ನೋಡಿ ಮೇಡಂ. ನಿಮ್ಮ ಕಾರು ಒಂಬತ್ತು ತಿಂಗಳು ಹಾಗೆ ನಡೆದದ್ದು" ಎಂದಳು. ಟಯರಿನ ಒಂದು ಅಂಚು ಸವೆದು ಬೋಳಾಗಿದ್ದನ್ನು ಕೈಯಿಂದ ಮುಟ್ಟಿಸಿದಳು. ಯಾವ ರಸ್ತೆ ಎಂದು ಕೇಳಿ, ಹೇಳಿದ ಕೂಡಲೇ, "ಓ, ಮೆಟ್ಟಿಲಿನವರಾ" ಎಂದಳು. ಟಯರು ಬದಲಾಯಿತು, ಕೆಂಪು ಅಂಕೆಗಳು ಒಂದೊಂದಾಗಿ ಹಸಿರಾದವು. ಕಾಗದದ ಮೇಲೆ ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ಅಚ್ಚಾಗಿ ಬಂತು. ಬೀಗದಕೈ ಕೊಡುವಾಗ ಅವಳು ಹೇಳಿದಳು: "ನಾಲ್ಕು ದಿನ ಮೆಲ್ಲ ಹೋಗಿ ಮೇಡಂ. ಕಾರು ಸರಿಯಾಯ್ತು. ಕೈಗೆ ಅದು ಗೊತ್ತಿಲ್ಲ." ನಾನು ತಲೆಯಾಡಿಸಿದೆ. ಚೆನ್ನಾಗಿ ಹೇಳಿದಳು ಎಂದು ಮೆಚ್ಚಿಕೊಂಡೆ ಸಹ. ಮಾತು ಚೆನ್ನಾಗಿದ್ದರೆ ಅದನ್ನು ಮೆಚ್ಚಿ ಅಲ್ಲಿಗೇ ಬಿಡುವುದು ನನ್ನಂಥ ಓದುಗರ ಹಳೆಯ ರೋಗ. ಬಂಟ್ವಾಳದ ದೊಡ್ಡ ರಸ್ತೆಯಲ್ಲಿ ಮನೆಗೆ ಬರುವಾಗ ಕಾರು ನೀರಿನ ಮೇಲೆ ಜಾರಿದಂತೆ ನೇರ ಹೋಗುತ್ತಿತ್ತು. ಎಷ್ಟೋ ವಾರಗಳ ಮೇಲೆ ಒಂದು ಪದ್ಯದ ಎರಡನೆಯ ಸಾಲು ನೆನಪಾಯಿತು.

ಸೋಮವಾರ ಮೋಹಿನಿಯನ್ನು ಕೂರಿಸಿಕೊಂಡು ಒಳರಸ್ತೆಯಲ್ಲೇ ಹೊರಟೆ. ಅದು ಅವಳ ಕೆಲಸದ ಕೊನೆಯ ವಾರ. ತಿರುವಿಗೆ ಬಂದಾಗ ಎದುರಿನಿಂದ ಬಸ್ಸು ಬರುತ್ತಿತ್ತು, ಗುಡ್ಡದ ಬದಿಯಲ್ಲಿ, ತನ್ನ ಪಾಡಿಗೆ. ನಾನು ಮೆಟ್ಟಿಲು ಇಳಿದೆ. ಎಡಗಡೆಯ ಚಕ್ರದ ಅಡಿಯಲ್ಲಿ ಜಲ್ಲಿ ಕರಕರ ಎಂದಿತು. ಅಷ್ಟೇ ಆದದ್ದು. ಕಾರು ಎಡಕ್ಕೆ ಹೋಗಲಿಲ್ಲ, ಹೋಗುವುದೂ ಇಲ್ಲ, ಅದಕ್ಕೆ ಅಚ್ಚಾದ ಸಾಕ್ಷಿ ನನ್ನ ಚೀಲದಲ್ಲೇ ಇತ್ತು. ಆದರೆ ಸದ್ದು ಕೇಳಿದ್ದೇ ತಡ, ಕೈಗಳು ನನ್ನನ್ನು ಕೇಳದೆ ತಮಗೆ ಗೊತ್ತಿದ್ದ ಜಾಗಕ್ಕೆ ಹೋದವು. ಒಂದು ಗಂಟೆಯ ಕಡೆಗೆ, ಬಲಕ್ಕೆ. ಒಂಬತ್ತು ತಿಂಗಳು ನಮ್ಮನ್ನು ಬದುಕಿಸಿದ ಜಾಗ ಅದು. ಕಾರು ವಿಧೇಯವಾಗಿ ಬಸ್ಸಿನ ಕಡೆ ತಿರುಗಿತು. ಬಸ್ಸಿನ ಗಾಜು ದೊಡ್ಡದಾಗುತ್ತಿರುವುದು ಕಾಣುತ್ತಿದೆ, ತಪ್ಪುತ್ತಿದ್ದೇನೆ ಎಂದು ಗೊತ್ತಾಗುತ್ತಿದೆ, ಆದರೆ ಗೊತ್ತಾದದ್ದು ಕೈಯವರೆಗೆ ಇಳಿಯುತ್ತಿಲ್ಲ. ಹೆದರಿಕೆ ಹೆಚ್ಚಾದಷ್ಟೂ ಹಿಡಿತ ಬಿಗಿಯಾಗುತ್ತಿದೆ, ಬಿಗಿಯಾದಷ್ಟೂ ಕಾರು ಬಲಕ್ಕೆ. ಆಗ ನನ್ನ ಮಣಿಕಟ್ಟಿನ ಮೇಲೆ ಮೋಹಿನಿಯ ಕೈ ಬಿತ್ತು. "ಕೈ ಸಡಿಲ ಮಾಡಿ ಅಕ್ಕ" ಎಂದಳು, ಹಿಡಿ ಅಕ್ಕಿ ಕೊಡಿ ಎಂದು ಪಕ್ಕದ ಮನೆಯಲ್ಲಿ ಕೇಳುವಷ್ಟು ಮೆಲ್ಲ. ಸಡಿಲ ಮಾಡಿದೆ. ಸ್ಟೀರಿಂಗು ತಾನಾಗಿ ನಡುವಿಗೆ ಬಂತು. ಬ್ರೇಕು ಯಾವಾಗ ಒತ್ತಿದೆನೋ ಗೊತ್ತಿಲ್ಲ. ಎರಡೂ ವಾಹನಗಳು ನಿಂತಾಗ ನನ್ನ ದೀಪಕ್ಕೂ ಬಸ್ಸಿನ ಮೂಲೆಗೂ ನಡುವೆ ಒಂದು ಮೊಳ ಜಾಗವಿತ್ತು.

ಬಸ್ಸಿನ ಚಾಲಕ ಶಂಭು ಬೈಯಲೆಂದೇ ಕಿಟಕಿಯಿಂದ ತಲೆ ಹೊರಗೆ ಹಾಕಿದವರು, ಮೋಹಿನಿಯ ಹೊಟ್ಟೆ ನೋಡಿ ಬೈಗುಳ ನುಂಗಿದರು. ಆಮೇಲೆ ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದರು, ಕನ್ನಡದಲ್ಲಿ ಬರೆಯುತ್ತೇನೆ: "ಅಲೈನ್‌ಮೆಂಟ್ ಮಾಡಿಸಿದ್ದಾ?"

ಮೊನ್ನೆ ಶನಿವಾರ ಎಂದೆ.

"ಹಾಗೆ ಹೇಳಿ. ಮಾಡಿಸದವರು ಎಡಕ್ಕೆ ಗುಂಡಿಗೆ ಹೋಗ್ತಾರೆ, ಮಾಡಿಸಿದವರು ಬಲಕ್ಕೆ ನನ್ನ ಬಸ್ಸಿಗೆ ಬರ್ತಾರೆ. ಈ ತಿಂಗಳಲ್ಲಿ ನೀವು ಮೂರನೆಯವರು." ಗೇರು ಹಾಕುತ್ತಾ ಇನ್ನೊಂದು ಮಾತು ಸೇರಿಸಿದರು. "ನನ್ನದು ಸಹ ಎಡಕ್ಕೆ ಎಳಿತದೆ ಅಕ್ಕ, ಮಾಡಿಸಲಿಲ್ಲ. ಹಾಗಾಗಿ ಗುಡ್ಡೆಗೆ ಒರಸಿಕೊಂಡು ಇದ್ದೆ. ಇಲ್ಲದಿದ್ರೆ ಆ ಒಂದು ಮೊಳ ಎಲ್ಲಿಂದ ಬರ್ಬೇಕು?"

ಮಾನ್ಯರೇ, ಆ ಒಂದು ಮೊಳದ ಬಗ್ಗೆ ನಾನು ಅಂದಿನಿಂದ ಯೋಚಿಸುತ್ತಿದ್ದೇನೆ. ತಮ್ಮ ಆದೇಶ ಪಾಲಿಸಿದ ನಾನು ಕೊಲ್ಲಲು ಹೋದೆ. ಪಾಲಿಸದ ಶಂಭು ಉಳಿಸಿದರು. ಇಂಥ ರಸ್ತೆಯಲ್ಲಿ ಯಾರು ಯಾವ ಆದೇಶವನ್ನು ಪಾಲಿಸಬೇಕು? ಚಕ್ರ ಓರೆಯಾಗಿರುವುದು ವಾಹನದ ದೋಷ ಎಂದಿರಿ, ಒಪ್ಪಿದೆ. ಬಾಗಿದ ಕಬ್ಬಿಣವನ್ನು ಉಮ್ಮರ್ ಬದಲಿಸಿದರು, ತಿರುಗಿದ ಚಕ್ರವನ್ನು ಜಸ್ನಾ ನೇರ ಮಾಡಿದಳು. ಒಂಬತ್ತು ತಿಂಗಳು ತಮ್ಮ ಮೆಟ್ಟಿಲಿಗೆ ಹೊಂದಿಕೊಂಡ ಕೈಯನ್ನು ಯಾವ ಯಂತ್ರಕ್ಕೆ ಸಿಕ್ಕಿಸಲಿ? ಅದರ ಅಂಕೆ ಕೆಂಪೋ ಹಸಿರೋ ಎಂದು ಯಾವ ಪರದೆಯಲ್ಲಿ ನೋಡಲಿ? ಇದು ನನ್ನೊಬ್ಬಳ ಕೈಯಾಗಿ ಉಳಿದಿಲ್ಲ. 'ರಸ್ತೆ ಆದ ಮೇಲೆ' ಎಂದು ಕಾಯುತ್ತಿರುವವರೆಲ್ಲ ಒಂದು ದಿನ ಮೆಲ್ಕಾರಿನಲ್ಲೋ ಬೇರೆಲ್ಲೋ ಸಾಲಾಗಿ ನಿಲ್ಲುತ್ತಾರೆ. ನಾಲ್ಕು ಚಕ್ರ ನೇರ ಮಾಡಿಸಿಕೊಂಡು, ಬಲಕ್ಕೆ ತಿರುಗಿದ ಕೈಗಳೊಂದಿಗೆ, ತಮ್ಮ ಹೊಸ ಅಗಲ ರಸ್ತೆಯಲ್ಲಿ ಒಬ್ಬರ ಎದುರು ಒಬ್ಬರು ಬರುತ್ತಾರೆ. ಅವರಲ್ಲಿ ಶಾಲೆಯ ಓಮ್ನಿಯೂ ಇರುತ್ತದೆ. ಆಗ ತಮ್ಮ ಕಚೇರಿ ಯಾರಿಗೆ ಹಿಂಬರಹ ಕಳಿಸುತ್ತದೆ? ತಡ ಮಾಡಿದರೆ ಕೆಲಸ ನಿಂತಿರುತ್ತದೆ ಅಷ್ಟೇ ಎಂದು ತಾವು ತಿಳಿದಿರಬಹುದು. ನಿಂತಿರುವುದಿಲ್ಲ. ಕಾಯುವ ಜನರ ಒಳಗೆ ಅದು ದಿನಾ ಒಂದಿಷ್ಟು ಬಾಗುತ್ತಾ ಇರುತ್ತದೆ, ನೋವು ಗೊತ್ತಾಗದಷ್ಟು ಮೆಲ್ಲ.

ನನ್ನ ತಪ್ಪು ನನ್ನದು. ಉಮ್ಮರ್ ಹೇಳಿದಾಗ ಹೋಗಬೇಕಿತ್ತು, ಜಸ್ನಾ ಹೇಳಿದ್ದನ್ನು ಬರೀ ಮೆಚ್ಚದೆ ಕೇಳಬೇಕಿತ್ತು. ಅದನ್ನು ಪತ್ರಿಕೆಯಲ್ಲಿ, ಕೆಲಸ ಮಾಡುವ ಕಾಲೇಜಿನ ಹುಡುಗರೂ ಓದುವ ಹಾಗೆ, ಒಪ್ಪಿಕೊಳ್ಳುತ್ತಿದ್ದೇನೆ. ತಮ್ಮ ಕಚೇರಿಯಿಂದ ಒಂದೇ ಒಂದು ಇಂಥ ವಾಕ್ಯ ಬಂದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಈಗ ಬರೆಯಲೇಬೇಕಾದ ಕಾರಣಕ್ಕೆ ಬರುತ್ತೇನೆ. ಮೋಹಿನಿ ರಜೆ ಹಾಕಿ ತವರಿಗೆ ಹೋಗಿದ್ದಾಳೆ. ತವರು ಮೆಟ್ಟಿಲಿನ ಈಚೆ, ಗುಡ್ಡದ ಮೇಲೆ. ಮೊದಲಿನಿಂದ ಅವಳನ್ನು ನೋಡಿದ ಡಾಕ್ಟರು ಮೂಡುಬಿದಿರೆಯಲ್ಲಿ. ರಕ್ತದೊತ್ತಡ ಏರುತ್ತಿದೆ, ನೋವು ಕಂಡರೆ ಕಾಯಬೇಡಿ, ಕೂಡಲೇ ಹೊರಡಿ ಎಂದಿದ್ದಾರೆ. ಮೆಟ್ಟಿಲಿನ ಮೇಲೆ ಹೋದರೆ ಹದಿನಾಲ್ಕು ಕಿಲೋಮೀಟರ್, ಸುತ್ತಿ ಹೋದರೆ ನಲವತ್ತು. ದಿನ ಕೊಟ್ಟದ್ದು ಮೇ ಇಪ್ಪತ್ತು. ಆಂಬುಲೆನ್ಸಿಗೆ ಫೋನ್ ಮಾಡಬಹುದು, ಮಾಡುತ್ತೇವೆ. ಅದು ಬರುವುದು ತಡವಾದರೆ ಹತ್ತಿರದ ಕಾರು ನನ್ನದು. ಮೊನ್ನೆ ಭಾನುವಾರ ನೋಡಲು ಹೋದಾಗ ಜಿತೇಶ ಅಂಗಳದವರೆಗೆ ನನ್ನ ಜೊತೆ ಬಂದು, ಬೇರೆ ಏನೇನೋ ಮಾತನಾಡಿ, ಕೊನೆಗೆ ಕೇಳಿದ: "ಆ ಹೊತ್ತಿಗೆ ನೀವು ಬರ್ತೀರಲ್ಲ ಅಕ್ಕ?" ಬರುತ್ತೇನೆ ಎಂದೆ. ಬಾಯಿ ಹೇಳಿತು. ಆ ಬಸ್ಸಿನ ಬಗ್ಗೆ ಅವಳು ಅವನಿಗೆ ಹೇಳಿಲ್ಲ ಎಂದು ಆಗ ತಿಳಿಯಿತು.

ಬಸ್ಸಿನ ಆ ಘಟನೆಯ ನಂತರ ದಿನಾ ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಹೊರಟು, ಕಾಲೇಜಿನ ಖಾಲಿ ಮೈದಾನದಲ್ಲಿ ಕಾರನ್ನು ನೇರ ಗೆರೆಯ ಮೇಲೆ ಓಡಿಸುತ್ತಿದ್ದೇನೆ. ಕೈಗೆ ಹೊಸ ನೇರವನ್ನು ಕಲಿಸುತ್ತಿದ್ದೇನೆ. ಮೈದಾನದಲ್ಲಿ ಕಲಿಯುತ್ತದೆ. ಜಲ್ಲಿಯ ಸದ್ದು ಕೇಳಿದರೆ ಮರೆಯುತ್ತದೆ. ಹೆರಿಗೆಗೆ ಹೊರಡುವ ದಿನ ನನ್ನ ಮಣಿಕಟ್ಟಿನ ಮೇಲೆ ಕೈ ಇಡಲು ಮೋಹಿನಿಗೆ ಪುರುಸೊತ್ತು ಇರುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಇಡೀ ರಸ್ತೆಯನ್ನು ಮುಗಿಸಿ ಎಂದು ಕೇಳುವುದಿಲ್ಲ, ಆ ಆಸೆ ಬೋರ್ಡಿನ ಬಿಳಿ ಬಣ್ಣದ ಅಡಿಗೆ ಹೋಗಿದೆ. ಆ ಒಂದು ಗೇಣಿನ ಎತ್ತರಕ್ಕೆ ಇಳಿಜಾರು ಹಾಕಿಸಿ, ಅಂಚಿನ ಜಲ್ಲಿ ಗುಡಿಸಿ, ಪ್ಲಾಸ್ಟಿಕ್ ಪಟ್ಟಿಯ ಜಾಗದಲ್ಲಿ ಕಲ್ಲಿನ ಗೋಡೆ ಕಟ್ಟಿಸಿ. ಮೂವತ್ತು ಅಡಿ ಉದ್ದದ ಕೆಲಸ. ನಂಬಿಕೆ ಬಾರದಿದ್ದರೆ ಅದಕ್ಕೆ ಮೊದಲು ಒಂದು ಬೆಳಿಗ್ಗೆ ಏಳೂವರೆಗೆ ಮಡಂತ್ಯಾರಿಗೆ ಬನ್ನಿ. ನನ್ನ ಕಾರಿನ ಎಡಗಡೆಯ ಮುಂದಿನ ಸೀಟು ಸದ್ಯಕ್ಕೆ ಖಾಲಿ ಉಂಟು. ಬಾಗಿಲ ಮೇಲೆ ಹಿಡಿಕೆ ಉಂಟು, ಹಿಡಿದುಕೊಳ್ಳಬಹುದು. ನಾನೇ ಓಡಿಸುತ್ತೇನೆ. ಮೆಟ್ಟಿಲು ಇಳಿಯುವಾಗ ತಾವು ಕಿಟಕಿಯ ಆಚೆ ನೋಡಬೇಕು, ನನ್ನ ಕೈಗಳನ್ನೂ ನೋಡಬೇಕು. ಅಷ್ಟು ಸಾಕು, ಅರ್ಜಿ ಬೇಕಾಗುವುದಿಲ್ಲ.

ಬರುವುದಾದರೆ ಮೇ ಇಪ್ಪತ್ತಕ್ಕೆ ಮೊದಲು ಬನ್ನಿ. ಆಮೇಲೆ ಆ ಸೀಟು ಖಾಲಿ ಇರುವುದಿಲ್ಲ.

ಇಂತಿ,
ಚಕ್ರ ನೇರ ಮಾಡಿಸಿಕೊಂಡ, ಕೈ ಇನ್ನೂ ಬಲಕ್ಕೇ ಇರುವ ಅರ್ಜಿದಾರಳು,
ಪ್ರಭಾವತಿ
ಮಡಂತ್ಯಾರು